ಕಾರಂಜಿಯಲ್ಲಿ ಅಪ್ಪನ ಮುಖ

ನಮ್ಮ ಚೌಕದಲ್ಲಿ ದಿನಕ್ಕೆ ಇಪ್ಪತ್ತು ಜನ ಓಡಾಡಿದರೆ ಹೆಚ್ಚು. ಒಂದು ಇಗರ್ಜಿ, ಒಂದು ಕಾಫಿ ಅಂಗಡಿ, ನನ್ನ ಬೂಟು ರಿಪೇರಿ ಅಂಗಡಿ, ನಡುವೆ ನಾನೂರು ವರ್ಷದ ಕಾರಂಜಿ. ಅದರ ತುದಿಯಲ್ಲಿ ಗುಂಗುರು ಗಡ್ಡದ ಸಮುದ್ರದೇವರು. ಕೆಳಗೆ ನಾಲ್ಕು ದಿಕ್ಕಿಗೂ ಒಂದೊಂದು ಕಲ್ಲಿನ ಮುಖ. ಬಾಯಿಂದ ತೊಟ್ಟಿಗೆ ನೀರು ಉಗುಳುತ್ತಿರುತ್ತವೆ. ಯುದ್ಧದಲ್ಲಿ ಬಾಂಬು ಬಿದ್ದಾಗ ಅದಕ್ಕೂ ಪೆಟ್ಟಾಯಿತು. ನಲವತ್ತೆಂಟನೇ ಇಸವಿಯಲ್ಲಿ ಒಬ್ಬ ಶಿಲ್ಪಿ ಬಂದು ಸರಿಪಡಿಸಿದ. ಒಡೆದು ಹೋದ ಮುಖವನ್ನು ಹೊಸದಾಗಿ ಕೆತ್ತಲು ಅವನು ಎದುರಿಗೆ ಕೂರಿಸಿಕೊಂಡದ್ದು ನಮ್ಮಪ್ಪ ಅನ್ಸೆಲ್ಮೊನನ್ನು.

ಇಷ್ಟು ನಮ್ಮ ಓಣಿಗೆಲ್ಲ ಗೊತ್ತಿತ್ತು. ಯಾವ ಮುಖ ಎಂದು ಮಾತ್ರ ಅಪ್ಪ ಹೇಳಲಿಲ್ಲ. ಕೇಳಿದಾಗಲೆಲ್ಲ ಬಾಯಲ್ಲಿ ಮೊಳೆ ಕಚ್ಚಿಕೊಂಡು ಬೂಟಿನ ಅಟ್ಟೆ ಬಡಿಯತೊಡಗುತ್ತಿದ್ದ. ನಾನು ಅದನ್ನು ವಿನಯ ಎಂದುಕೊಂಡೆ. ಅಷ್ಟು ವಿನಯ ಪಡಬೇಕಾದರೆ ಆ ಮುಖ ದೇವರದ್ದೇ ಇರಬೇಕು ಎಂದು, ಅವನು ತೀರಿಕೊಂಡ ಮೇಲೆ ನಾನೇ ತೀರ್ಮಾನ ಮಾಡಿಕೊಂಡೆ.

ನಲವತ್ತು ತುಂಬಿದಾಗ ಗಡ್ಡ ಬಿಟ್ಟೆ. ಸುರುಳಿಯಾಗಿ ಬರಲೆಂದು ಎಣ್ಣೆ ಹಚ್ಚಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ. ಭಾನುವಾರ ಪೂಜೆ ಮುಗಿದ ಮೇಲೆ ಕಾರಂಜಿಯ ಪಕ್ಕ ಹೋಗಿ, ದೂರದ ಅಲೆ ನೋಡುವವನಂತೆ ಓರೆಯಾಗಿ ನಿಲ್ಲುತ್ತಿದ್ದೆ. ನೋಡಬಂದವರು ಹೋಲಿಕೆ ಗುರುತಿಸಲಿ ಎಂದು. ಸಮುದ್ರ ನಮ್ಮೂರಿಂದ ಎಂಬತ್ತು ಕಿಲೋಮೀಟರ್. ಒಮ್ಮೆ ಒಬ್ಬ ಜರ್ಮನ್ ಪ್ರವಾಸಿ ಕ್ಯಾಮೆರಾ ಎತ್ತಿದ. ನಾನು ಗದ್ದ ಎತ್ತಿದೆ. ಸ್ವಲ್ಪ ಆಚೆ ಸರಿಯಿರಿ ಎಂದು ಅವನು ಕೈಸನ್ನೆ ಮಾಡಿದ.

ನನ್ನ ಹೆಂಡತಿ ಫೋಸ್ಕಾಗೆ ಇದೆಲ್ಲ ಬೇಜಾರು ಕಳೆಯುವ ಆಟ. ಮಹಡಿಯ ಕಿಟಕಿಯಿಂದ ಬಗ್ಗಿ, "ಝೆಲಿಂದೊ, ನಿನ್ನ ಅವತಾರ ಮುಗಿದಿದ್ರೆ ಮೇಲೆ ಬಾ, ಬೆಳ್ಳುಳ್ಳಿ ಬಿಡಿಸ್ಬೇಕು," ಎನ್ನುತ್ತಿದ್ದಳು.

ಮೂರು ವರ್ಷದ ಹಿಂದೆ, ಏಪ್ರಿಲಿನ ಒಂದು ಭಾನುವಾರ, ಬೂದು ಕೋಟಿನ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದು ತೊಟ್ಟಿಯ ಅಂಚಿನಲ್ಲಿ ಕೂತಳು. ನಾನು ಎಂದಿನಂತೆ ಓರೆಯಾಗಿ ನಿಂತೆ. ಅವಳು ನೋಡಲಿಲ್ಲ. ಎರಡು ಸಲ ಕೆಮ್ಮಿದೆ. ಕೊನೆಗೆ ನಾಚಿಕೆ ಬಿಟ್ಟು, ಆ ದೇವರಿಗೆ ಇರುವುದು ನಮ್ಮಪ್ಪನ ಮುಖ ಎಂದು ನಾನೇ ಹೇಳಿದೆ.

ಅವಳು ಮೇಲೆ ನೋಡಿದಳು, ನನ್ನನ್ನು ನೋಡಿದಳು. "ನೀವು ಅನ್ಸೆಲ್ಮೊನ ಮಗನೇನಪ್ಪಾ?"

ಅವಳ ಹೆಸರು ನಿವೆಸ್. ಕಾರಂಜಿ ಸರಿಪಡಿಸಿದ ಆ ಶಿಲ್ಪಿಯ ಮಗಳು. ಆಗ ಒಂಬತ್ತು ವರ್ಷದವಳು, ಅಪ್ಪನ ಕೆಲಸ ನೋಡುತ್ತ ಇಲ್ಲೇ ಕೂತಿರುತ್ತಿದ್ದಳಂತೆ.

"ದೇವರಿಗೆ ಒಂದು ಗೀರೂ ಬಿದ್ದಿರ್ಲಿಲ್ಲ," ಎಂದಳು. "ನಮ್ಮಪ್ಪ ಕೆತ್ತಿದ್ದು ಅಗೋ, ಅದನ್ನ."

ಅವಳ ಕೋಲು ಕೆಳಗೆ, ಉತ್ತರ ದಿಕ್ಕಿನ ಕಲ್ಲಿನ ಮುಖದ ಕಡೆ ತಿರುಗಿತ್ತು. ಆ ಕಡೆ ಕಸದ ಡಬ್ಬಿ ಇರುವುದರಿಂದ ನಾನು ಹೋಗುವುದು ಕಡಿಮೆ. ಹೋಗಿ ನೋಡಿದೆ. ಪೂರಿಯಂತೆ ಉಬ್ಬಿದ ಕೆನ್ನೆ, ಮೂಗಿನ ಕಡೆ ತಿರುಗಿದ ಕಣ್ಣು, ಬಾಣಲೆಯ ಹಿಡಿಗಳಂಥ ಕಿವಿ. ಅಪ್ಪ ಯಾಕೆ ಮೊಳೆ ಕಚ್ಚಿಕೊಳ್ಳುತ್ತಿದ್ದ ಎಂದು ಅರವತ್ತು ದಾಟಿದ ಮೇಲೆ ನನಗೆ ಅರ್ಥವಾಯಿತು.

ಕೆನ್ನೆ ಉಬ್ಬಿರಲೆಂದು ಮೂರು ದಿನ ಅಪ್ಪ ಬಾಯ್ತುಂಬ ನೀರು ಹಿಡಿದು ಕೂರಬೇಕಿತ್ತಂತೆ. ಪ್ರತಿ ಸಲವೂ ನಗು ತಡೆಯದೆ ಶಿಲ್ಪಿಯ ಮುಖಕ್ಕೇ ಉಗುಳಿಬಿಡುತ್ತಿದ್ದನಂತೆ. ಆ ಕಿವಿಗಳು ಮಾತ್ರ ಶಿಲ್ಪಿಯ ಕಲ್ಪನೆ ಇರಬೇಕು ಎಂದೆ. ನಿವೆಸ್ ನನ್ನ ಕಿವಿಗಳನ್ನು ಒಂದೊಂದಾಗಿ ನೋಡಿದಳು.

ಆಮೇಲೆ ಸಂಕೋಚದಿಂದ ಕೇಳಿದಳು: "ಒಂದ್ಸಲ ನೀವು ಬಾಯ್ತುಂಬ ನೀರು ತುಂಬ್ಕೊಂತೀರಾ? ನಮ್ಮಪ್ಪ ಅವತ್ತು ಏನು ನೋಡ್ತಿದ್ದ ಅಂತ ನೋಡ್ಬೇಕು ಅನ್ನಿಸ್ತಿದೆ."

ಬೊಗಸೆಯಲ್ಲಿ ನೀರು ಹಿಡಿದು ಬಾಯಿ ತುಂಬಿಕೊಂಡೆ. ಕಾಫಿ ಅಂಗಡಿಯವನು ಬಾಗಿಲಿಗೆ ಬಂದ. ನಿವೆಸ್ ಎರಡು ಕೈಯಿಂದ ನನ್ನ ಗಡ್ಡವನ್ನು ಹಿಂದಕ್ಕೆ ಒತ್ತಿ ಹಿಡಿದು, ನಗದೆ, ತುಂಬ ಹೊತ್ತು ನೋಡಿದಳು. ಅವಳ ಕಣ್ಣಲ್ಲಿ ನೀರಾಡಿತು. ನನಗೂ ಏನೋ ಆಗತೊಡಗಿತು.

ಆಗ ಕಿಟಕಿಯಿಂದ ಫೋಸ್ಕಾ, "ಅದನ್ನೇನು ನೋಡ್ತೀರಮ್ಮ, ನಿದ್ದೆಲಿ ಇವನ ಮುಖ ದಿನಾ ಹೀಗೇ ಇರತ್ತೆ," ಎಂದಳು.

ನನ್ನ ಬಾಯಲ್ಲಿದ್ದ ನೀರೆಲ್ಲ ನಿವೆಸ್‌ಳ ಕೋಟಿನ ಮೇಲಾಯಿತು. ಅವಳು ನಕ್ಕ ರಭಸಕ್ಕೆ ಅಂಚಿಗೆ ಒರಗಿಸಿಟ್ಟಿದ್ದ ಕೋಲು ಜಾರಿ ತೊಟ್ಟಿಗೆ ಬಿತ್ತು. "ಹೀಗೇ, ಹೀಗೇ ಆಗ್ತಿತ್ತು," ಎನ್ನುತ್ತ ಅಂಚು ಹಿಡಿದುಕೊಂಡಳು.

ಫೋಸ್ಕಾ ಇಳಿದು ಬಂದು ಅವಳನ್ನು ಮನೆಗೆ ಕರೆದುಕೊಂಡು ಹೋದಳು. ಕೋಟನ್ನು ಒಲೆಯ ಹತ್ತಿರ ನೇತುಹಾಕಿ, ಹುರುಳಿಕಾಯಿ ಸೂಪು ಬಡಿಸಿದಳು. ತನ್ನಪ್ಪ ಎಷ್ಟೋ ಊರುಗಳಲ್ಲಿ ಒಡೆದ ಕಲ್ಲು ಸರಿಪಡಿಸಿದ, ಎಲ್ಲೂ ಹೆಸರು ಕೆತ್ತಲಿಲ್ಲ ಎಂದು ನಿವೆಸ್ ಹೇಳಿದಳು. ನಾನು ಮಾತಾಡಿದಾಗಲೆಲ್ಲ ಇಬ್ಬರೂ ನನ್ನ ಕೆನ್ನೆ ನೋಡುತ್ತಿದ್ದರು.

ಐದರ ಬಸ್ಸಿಗೆ ಇಬ್ಬರೂ ಹೋಗಿ ಹತ್ತಿಸಿದೆವು. ಕೋಟು ಒಣಗಿರಲಿಲ್ಲ, ಹಾಗಾಗಿ ಅವಳು ಫೋಸ್ಕಾಳ ಒಳ್ಳೆಯ ಉಣ್ಣೆ ಸ್ವೆಟರ್ ಹಾಕಿಕೊಂಡು ಹೋದಳು. ಅದು ಇನ್ನೂ ವಾಪಸು ಬಂದಿಲ್ಲ. ಅದಕ್ಕೂ ಬೈಸಿಕೊಳ್ಳುತ್ತಿರುವವನು ನಾನೇ.