ಸಿಡಿಲು ಬಡಿದ ವಾರದ ನಿಕಾಹ್

ನಮ್ಮ ಮನೆಯಲ್ಲಿ ಈಗ ಹೇಳುವ ಕತೆಯ ಪ್ರಕಾರ, ಸಿಂಧನೂರಿನ ಶಾದಿಮಹಲಿನಲ್ಲಿ ಮದುಮಗ ‘ಕಬೂಲ್’ ಅಂದ ಗಳಿಗೆಗೇ ಅತ್ತ ಆಂಧ್ರದ ಕಡಲ ದಂಡೆಯಲ್ಲಿ ರಾಕೆಟ್ಟು ಮೇಲೆದ್ದಿತು. ಏಳಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ನಾನು ಎಷ್ಟು ಸಲ ಹೇಳಿದರೂ, "ಇರ್ಲಿ ಬಿಡು, ಕೇಳಾಕ ಚಂದ ಐತಿ" ಎನ್ನುತ್ತಾರೆ. ಆ ವಾರದಲ್ಲಿ ಚಂದವಾದದ್ದು ಒಂದೂ ಇರಲಿಲ್ಲ.

ಮದುಮಗಳು ನನ್ನ ಅಕ್ಕನ ಮಗಳು. ಮಸ್ಕಿಯ ಹುಡುಗಿ, ಡಿಪ್ಲೊಮಾ ಓದಿ ಆ ಉಡಾವಣಾ ಕೇಂದ್ರದಲ್ಲಿ ಟೆಕ್ನಿಷಿಯನ್ ಆಗಿದ್ದಾಳೆ. ಕೇಬಲ್ಲುಗಳ ತುದಿಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಅವಳ ಕೆಲಸ. ಮದುಮಗ ಲಿಂಗಸುಗೂರಿನವನು, ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಫ್ಟಿನ ಮೇಲೆ ದುಡಿಯುವ ಎಲೆಕ್ಟ್ರಿಷಿಯನ್. ರಾಕೆಟ್ಟು ಒಂದು ಶುಕ್ರವಾರ ಹಾರುವುದಿತ್ತು. ಅದರ ಮುಂದಿನ ಶುಕ್ರವಾರ ನಿಕಾಹ್. ಅದಾಗಿ ಸೋಮವಾರ ಮದುಮಗನ ತಂದೆ ಉಮ್ರಾ ಯಾತ್ರೆಗೆ ಹೊರಡುವವರು. ಮಗನ ನಿಕಾಹ್ ಮುಗಿಸಿಯೇ ಮಕ್ಕಾ ನೋಡುತ್ತೇನೆಂದು ಅವರು ನಿಯತ್ತು, ಅಂದರೆ ಸಂಕಲ್ಪ, ಮಾಡಿದ್ದರು. ರಾಕೆಟ್ಟಿಗೂ ನಿಕಾಹಿಗೂ ನಡುವೆ ಒಂದು ವಾರವಿದೆ, ಸಾಕು ಎಂದುಕೊಂಡಿದ್ದೆವು.

ಬುಧವಾರ ಸಂಜೆ ರಾಕೆಟ್ಟು ನಿಂತಿದ್ದ ಕಟ್ಟೆಯ ಪಕ್ಕದ ಗೋಪುರಕ್ಕೆ ಸಿಡಿಲು ಬಡಿಯಿತು.

ರಾಕೆಟ್ಟಿಗೆ ಏನೂ ಆದಂತೆ ಕಾಣಲಿಲ್ಲ. ತೊಂದರೆಯಾದದ್ದೇ ಅದರಿಂದ. ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಪ್ರತಿ ತಂತಿಯನ್ನೂ ಮೊದಲಿಂದ ನೋಡಬೇಕು. ಹುಡುಗಿ ಫೋನಿನಲ್ಲಿ ಮೊದಲು ಮೂರು ದಿನ ಅಂದಳು, ಆಮೇಲೆ ಐದು, ಆಮೇಲೆ "ಹೇಳಾಕ ಬರಂಗಿಲ್ಲ ಮಾಮು" ಅಂದಳು. ರಜೆ ರದ್ದಾಗಿತ್ತು. ಕೆಲಸದ ಜಾಗಕ್ಕೆ ಫೋನು ಒಯ್ಯುವಂತಿಲ್ಲ, ಗೇಟಿನ ಲಾಕರಿನಲ್ಲಿ ಇಟ್ಟು ಹೋಗಬೇಕು. ದಿನಕ್ಕೆ ಒಮ್ಮೆ ಮಾತಿಗೆ ಸಿಕ್ಕರೆ ಹೆಚ್ಚು.

ಭಾವ ತೀರಿಕೊಂಡು ಆರು ವರ್ಷವಾಗಿದೆ. ಹಾಗಾಗಿ ಬೀಗರಿಗೆ ವಿವರಿಸುವ ಕೆಲಸ ನನ್ನ ಮೇಲೆ ಬಿತ್ತು. "ನೀ ಬರಿಯಾಂವ, ಚಂದ ಮಾಡಿ ತಿಳಿಸಿ ಬಾ," ಎಂದು ಅಕ್ಕ ನನ್ನನ್ನು ಲಿಂಗಸುಗೂರಿಗೆ ಅಟ್ಟಿದಳು. ನಾವೆಲ್ಲ ಮನೆಯಲ್ಲಿ ಆಡುವುದು ದಖನಿ. ಇಲ್ಲಿ ಎಲ್ಲರ ಬಾಯಿಗೂ ಕನ್ನಡ ಹಾಕಿದ್ದೇನೆ. ಅಲ್ಲಿಗೇ ನಾನೂ ಕತೆಯನ್ನು ಸ್ವಲ್ಪ ತಿದ್ದಿದಂತಾಯಿತು.

ಭಾನುವಾರ ಬಸ್ಸು ಮಸ್ಕಿಯಿಂದ ಲಿಂಗಸುಗೂರಿನವರೆಗೂ ಭತ್ತ ಕೊಯ್ಯುವ ಯಂತ್ರವೊಂದರ ಹಿಂದೆ ತೆವಳಿತು. ಹೇಳಬೇಕಾದ ಮಾತನ್ನು ಅಷ್ಟೂ ಹೊತ್ತು ಜೋಡಿಸಿಕೊಂಡೆ. ಬೀಗರ ಪಡಸಾಲೆಯಲ್ಲಿ ಅದು ಎರಡು ನಿಮಿಷ ನಿಲ್ಲಲಿಲ್ಲ.

"ಸಿಡಿಲು ಬಡದು ರಾಕೆಟ್ ಸುಟ್ಟೈತೇನ್ರಿ?" ಎಂದರು ಬೀಗರು.

"ಇಲ್ರಿ. ಏನೂ ಆಗಿಲ್ಲ."

"ಏನೂ ಆಗಿಲ್ಲಂದ್ರ ಹುಡುಗಿಗೆ ಬರಾಕ ಏನ್ ತ್ರಾಸು?"

"ಏನೂ ಆಗಿಲ್ಲ ಅಂತ ನೋಡಾಕನ ಆಕಿ ಬೇಕ್ರಿ."

ಅವರು ಒಳಮನೆಯ ಕಡೆ ಮುಖ ತಿರುಗಿಸಿದರು. "ಕೇಳಿದೇನ? ಏನೂ ಆಗಿಲ್ಲಂತ, ಅದಕ್ಕ ಬರಂಗಿಲ್ಲಂತ!"

ಪರದೆಯ ಹಿಂದಿನಿಂದ ಬೀಗಿತಿಯ ದನಿ ಬಂತು: "ಮನಸ್ಸಿಲ್ಲಂದ್ರ ಮನಸ್ಸಿಲ್ಲ ಅನ್ರಿ. ಸಿಡಿಲಿನ ಹೆಸರು ಯಾಕ ಕೆಡಿಸ್ತೀರಿ?"

ಮದುಮಗ ಆಗತಾನೆ ಶಿಫ್ಟು ಮುಗಿಸಿ ಬಂದಿದ್ದ. ಅವನೊಬ್ಬನಿಗೆ ವಿಷಯ ತಿಳಿಯಿತು. ತಂದೆಗೆ ಹೇಳಿದ: "ಅಬ್ಬಾ, ಗುಡುಗು ಮಿಂಚು ಸುರು ಆತಂದ್ರ ನಮ್ಮ ಗಣ್ಯಾಗೂ ಸಿಡಿಮದ್ದು ತುಂಬೂದು ನಿಂದ್ರಸ್ತಾರ. ಮ್ಯಾಲ ಬಡದದ್ದು ತಂತಿ ಹಿಡ್ಕೊಂಡು ಎಲ್ಲಿಗೆ ಬರ್ತೈತೋ ಯಾರಿಗೆ ಗೊತ್ತು?"

"ಲಗ್ನದ ಮಾತಿನ್ಯಾಗ ನಿಂದೇನೈತಲೇ?"

"ನಂದ ಲಗ್ನ ಐತಲ್ಲಬ್ಬಾ."

ಬೀಗರು ಮಗನನ್ನು ಬಿಟ್ಟು ನನ್ನ ಕಡೆ ತಿರುಗಿದರು: "ಶುಕ್ರವಾರ ಆದ್ರ ಆತು. ಇಲ್ಲಂದ್ರ ಈ ಸಂಬಂಧನ ಬ್ಯಾಡ."

ಸೋಮವಾರ ಸಿಂಧನೂರಿನಲ್ಲಿ ಕಾಜಿಸಾಹೇಬರನ್ನು ಕಂಡೆ. ಅವರಿಗೆ ಇದು ದೊಡ್ಡ ಸಮಸ್ಯೆಯಾಗಿ ಕಾಣಲೇ ಇಲ್ಲ. ಹೇಗೂ ಮದುಮಗಳು ನಿಕಾಹಿನ ಮುಂದೆ ಕೂರುವುದಿಲ್ಲ; ಅವಳ ಕಡೆಯ ವಕೀಲನೊಬ್ಬ ಇಬ್ಬರು ಸಾಕ್ಷಿಗಳ ಜೊತೆ ಅವಳ ಕೋಣೆಗೆ ಹೋಗಿ ಒಪ್ಪಿಗೆ ಕೇಳಿ ಬರುತ್ತಾನೆ. "ಕೋಣಿ ಇಲ್ಲಿದ್ರೇನು, ಸಮುದ್ರದ ದಂಡಿಗಿದ್ರೇನು? ಹೋಗಿ ಕೇಳ್ಕೊಂಡು ಬರ್ರಿ." ಫೋನಿನಲ್ಲಿ ಕೇಳಿದರೆ ಆಗದೇ ಎಂದೆ. "ಫೋನಿನ್ಯಾಗ ಯಾರ ದನಿನೋ ಏನೋ. ನಿಮ್ಮ ಕಿವಿಲೆ ಕೇಳ್ರಿ."

ಹೀಗೆ ನಾನು ವಕೀಲನಾದೆ. ಸಾಕ್ಷಿಗೆ ಮದುಮಗನ ಚಿಕ್ಕಪ್ಪ ಒಬ್ಬರು, ನಮ್ಮ ಓಣಿಯ ದರ್ಜಿ ಒಬ್ಬರು. ಮಂಗಳವಾರ ರಾಯಚೂರಿನಲ್ಲಿ ರೈಲು ಹತ್ತಿದೆವು. ಆ ಪ್ರಯಾಣದಲ್ಲಿ ನನಗೆ ನೆನಪಿರುವುದು ಚಿಕ್ಕಪ್ಪನ ಗೊಣಗಾಟ ಮಾತ್ರ. "ಒಂದು ‘ಹೌ’ ಅನ್ನೂ ಮಾತಿಗೆ ಮೂರು ಮಂದಿ ದೇಶ ದಾಟಾಕತ್ತೀವಿ."

ಬುಧವಾರ ಮಧ್ಯಾಹ್ನ ಕೇಂದ್ರದ ಗೇಟಿನೆದುರಿನ ಚಹದಂಗಡಿಯಲ್ಲಿ ಕೂತೆವು. ಅವಳಿಗೆ ಇಪ್ಪತ್ತು ನಿಮಿಷದ ಅನುಮತಿ ಸಿಕ್ಕಿತ್ತು. ನೀಲಿ ಕೋಟು ಹಾಕಿಕೊಂಡು ಬಂದಳೆಂದು ನನ್ನ ನೆನಪು. ಕೋಟನ್ನು ಒಳಗೇ ಬಿಟ್ಟು ಬರಬೇಕೆಂದು ಅವಳು ಆಮೇಲೆ ಹೇಳಿದಳು. ಹಾಗಾದರೆ ಆ ನೀಲಿ ಎಲ್ಲಿಯದೋ ನನಗೆ ಗೊತ್ತಿಲ್ಲ. ಕಣ್ಣು ಕೆಂಪಾಗಿದ್ದವು, ಅದಂತೂ ನಿಜ, ದರ್ಜಿಗೂ ನೆನಪಿದೆ.

ಹುಡುಗನ ಹೆಸರು, ಅವನ ತಂದೆಯ ಹೆಸರು, ಅವನು ಕೊಡಬೇಕಾದ ಮೆಹರು ಎಲ್ಲ ಹೇಳಿ ಒಪ್ಪಿಗೆಯೇ ಎಂದು ಕೇಳಿದೆ. ನಮ್ಮಲ್ಲಿ ಹುಡುಗಿಯರು ಈ ಪ್ರಶ್ನೆಗೆ ತಲೆ ಬಾಗಿಸುತ್ತಾರೆ. ಪಕ್ಕದಲ್ಲಿ ಕೂತ ಹೆಂಗಸರು "ಅಂದ್ಲು, ಅಂದ್ಲು" ಎನ್ನುತ್ತಾರೆ. ಚಹದಂಗಡಿಯಲ್ಲಿ ಹಾಗೆ ಅನ್ನುವವರು ಯಾರೂ ಇರಲಿಲ್ಲ.

"ಒಂದು ಮಾತು ಬರಸ್ತೀನಿ ಮಾಮು," ಎಂದಳು. "ಲಾಂಚಿನ ಕೆಲಸ ನಡದಾಗ ನನ್ನ ಬಾ ಅಂತ ಯಾರೂ ಕರೀಬಾರ್ದು. ಮುಗಿದ ಮ್ಯಾಲ ನಾನ ಬರ್ತೀನಿ. ಇದನ್ನ ನಿಕಾಹನಾಮಾದಾಗ ಹಾಕ್ರಿ. ಹಾಕಿದ್ರ ಹೌ. ಇಲ್ಲಂದ್ರ ನಾ ಏನೂ ಅಂದಿಲ್ಲ."

ಚಿಕ್ಕಪ್ಪ ಎದ್ದು ನಿಂತರು. "ನಾವು ಒಪ್ಪಿಗಿ ಕೇಳಾಕ ಬಂದೀವಿ, ಕರಾರು ಕೇಳಾಕಲ್ಲ."

"ಕೇಳಾಕ ಬಂದೀರಲ್ರಿ ಚಾಚಾ. ಕೇಳ್ರಿ ಮತ್ತ."

ನಾನು ಮದುಮಗನಿಗೆ ಫೋನು ಹಚ್ಚಿದೆ. ಅವನು ಗಣಿಯೊಳಗೆ ಇಳಿದಿದ್ದ. ಅಲ್ಲೂ ಫೋನು ಒಯ್ಯುವಂತಿಲ್ಲ. ಲಗ್ನವಾಗುವ ಇಬ್ಬರೂ ಫೋನು ಹೊರಗಿಟ್ಟು ಹೋಗುವ ಕೆಲಸದವರು. ಕೈಯಲ್ಲಿ ಫೋನು ಹಿಡಿದವನು ನಾನು, ನನ್ನ ಮಾತಿಗೆ ಬೆಲೆ ಇಲ್ಲ. ಬೀಗರಿಗೆ ಹಚ್ಚಿದೆ. "ಬ್ಯಾಡ ಅನ್ನೂದನ್ನ ಎಷ್ಟು ಸುತ್ತಿ ಹೇಳ್ತಾಳ್ರಿ ಆಕಿ," ಎಂದು ಇಟ್ಟುಬಿಟ್ಟರು. ಅವಳ ಇಪ್ಪತ್ತು ನಿಮಿಷದಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ದರ್ಜಿಯ ಅಳತೆ ಪುಸ್ತಕದಿಂದ ಒಂದು ಹಾಳೆ ಹರಿದು, ಬೇರೆ ಯಾರನ್ನೂ ಕೇಳದೆ, ನಾನೇ ಬರೆದೆ. ಒಂದು ವಾಕ್ಯವನ್ನು ಹತ್ತು ಸಲ ತಿದ್ದುವವನು ನಾನು. ಇದನ್ನು ಒಂದೇ ಉಸಿರಿಗೆ ಬರೆದೆ. ಅವಳು ಓದಿದಳು. ‘ಸಾಧ್ಯವಾದಷ್ಟು ಮಟ್ಟಿಗೆ ಕರೆಯಬಾರದು’ ಎಂದು ನಾನು ಬರೆದಿದ್ದಲ್ಲಿ ‘ಸಾಧ್ಯವಾದಷ್ಟು ಮಟ್ಟಿಗೆ’ಯನ್ನು ನನ್ನದೇ ಪೆನ್ನಿನಿಂದ ಹೊಡೆದು ಹಾಕಿದಳು. ಆಮೇಲೆ "ಹೌ, ಹೌ, ಹೌ" ಎಂದಳು. ಪಟಪಟನೆ, ನಾಚಿಕೆಯಿಲ್ಲ, ಅಳುವಿಲ್ಲ. ದರ್ಜಿಯೂ ಗೊಣಗುತ್ತಿದ್ದ ಚಿಕ್ಕಪ್ಪನೂ ಸಹಿ ಹಾಕುವಷ್ಟರಲ್ಲಿ ಗೇಟಿನೊಳಗೆ ಹೋಗಿದ್ದಳು.

ಶುಕ್ರವಾರ ಶಾದಿಮಹಲಿನಲ್ಲಿ ಕಾಜಿಸಾಹೇಬರು ಕರಾರನ್ನು ಓದಿದಾಗ ಬೀಗರು ನನ್ನತ್ತ ತಿರುಗಿದರು. ಹಾಳೆಯ ಮಾತನ್ನು ಅಣ್ಣನಿಗೆ ತಿಳಿಸುವ ಧೈರ್ಯ ಚಿಕ್ಕಪ್ಪನಿಗೂ ಆಗಿರಲಿಲ್ಲವಂತೆ.

"ಯಾರನ್ನ ಕೇಳಿ ಬರದ್ರಿ ಇದನ್ನ?"

"ಆಕಿನ್ನ ಕೇಳಿ."

ಅವರು ಮಗನ ತೋಳು ಹಿಡಿದು ಏಳು ಅಂದರು. ಹುಡುಗ ಏಳಲಿಲ್ಲ, ಹಾಳೆ ಕೊಡಿ ಎಂದ. ಎಷ್ಟು ಹೊತ್ತು ಓದಿದನೋ ಹೇಳಲಾರೆ. ಅಕ್ಕ ಐದು ನಿಮಿಷ ಅನ್ನುತ್ತಾಳೆ; ಮೂರು ಸಾಲು ಓದಲು ಐದು ನಿಮಿಷ ಬೇಕಿಲ್ಲ. "ನಂದೂ ಒಂದು ಸೇರಸ್ರಿ ಮಾಮು," ಎಂದ. "ನಾ ಗಣ್ಯಾಗ ಇಳದಾಗ ನನ್ನನ್ನೂ ಯಾರೂ ಕರೀಬಾರ್ದು. ಕಬೂಲ್."

ಜನ ನಕ್ಕರು. ಬೀಗರು ನಗಲಿಲ್ಲ, ಆದರೆ ತೋಳು ಬಿಟ್ಟು ಕೂತರು. ನಿಕಾಹ್ ಆಯಿತು.

ಇಲ್ಲಿಗೆ ಬಂದಾಗಲೇ ಎಲ್ಲರೂ ರಾಕೆಟ್ಟು ಹಾರಿಸುವುದು. ಕರಾರಿನ ಮಾತು ಅವರ ಕತೆಯಲ್ಲಿ ಬರುವುದೇ ಇಲ್ಲ. ಭಾನುವಾರವೂ ಬರುವುದಿಲ್ಲ. ನನ್ನನ್ನು ಈಗಲೂ ಕೆರಳಿಸುವುದು ಆ ಭಾನುವಾರ.

ಆ ದಿನ ಲಿಂಗಸುಗೂರಿನಿಂದ ಹೇಳಿಕಳಿಸಿದರು: ಮಾವ ನಾಳೆ ಹೊರಡುತ್ತಾರೆ, ಅಷ್ಟರೊಳಗೆ ಸೊಸೆ ಬಂದು ಸಲಾಮು ಮಾಡಿ ಹೋಗಲಿ. ರಾಕೆಟ್ಟು ಇನ್ನೂ ಕಟ್ಟೆಯ ಮೇಲೇ ಇತ್ತು. ಅಕ್ಕ ಮಸ್ಕಿಯ ಮನೆಯ ಅಡುಗೆಕೋಣೆಯಿಂದ ಫೋನು ತಂದು ನನ್ನ ಮುಂದೆ ಹಿಡಿದಳು.

"ಒಂದ ದಿನಕ್ಕ ಬಂದು ಹೋಗು ಅಂತ ಹೇಳು."

"ಕರಾರಿನ್ಯಾಗ ಬರದೈತಲ್ಲ ಆಪಾ. ನಿಕಾಹ್ ಆಗಿ ಎರಡ ದಿನ ಆಗಿಲ್ಲ."

"ನೀನ ಬರದದ್ದು. ನೀನ ಅಳಸು."

"ಬರಸಿದಾಕಿ ನಿನ್ನ ಮಗಳು."

"ಆಕಿ ಮನಿ ಉಳೀಬೇಕೋ, ನಿನ್ನ ಬರಹ ಉಳೀಬೇಕೋ?"

ಇದಕ್ಕೆ ಈಗ ಹತ್ತಾರು ಜವಾಬು ಹೊಳೆಯುತ್ತವೆ, ಆದ್ದರಿಂದಲೇ ಅವನ್ನು ಬರೆಯುತ್ತಿಲ್ಲ. ನಾನು ಕೈ ಚಾಚಲಿಲ್ಲ, ಅಷ್ಟೆ. ಅಕ್ಕ ತಾನೇ ಹಚ್ಚಿದಳು. ಅತ್ತ ರಿಂಗಾಯಿತು, ಆಗುತ್ತಲೇ ಇತ್ತು, ನಿಂತಿತು.

"ಎತ್ತವಲ್ಲಳು," ಎಂದಳು.

"ಕೆಲಸದಾಗ ಅದಾಳ."

ಅಕ್ಕ ನನ್ನ ಕಡೆ ನೋಡದೆ ಮತ್ತೆ ಹಚ್ಚಿದಳು.