ಕಣ್ಣಿಗೊತ್ತಿಕೊಂಡ ಪುಸ್ತಕ

ದೀಪದ ಚಿಮಣಿಗೆ ಮಸಿ ಹಿಡಿದಿದೆ ಎಂದು ತಂಗಿಯನ್ನು ಗದರಿದೆ. ಸರೋಜ ಒರೆಸಿ ತಂದಳು. ಅಕ್ಷರಗಳು ಮಬ್ಬಾಗಿಯೇ ಇದ್ದವು. ಮತ್ತೆ ಗದರಿದೆ.

"ಅಕ್ಕಾ, ಗಾಜು ಫಳಫಳ ಅಂತಿದೆ. ಮಸಿ ಹಿಡಿದಿರೋದು ನಿನ್ನ ಕಣ್ಣಿಗೇ ಇರ್ಬೇಕು."

ಅವಳು ತಮಾಷೆಗೆ ಅಂದದ್ದು ನಿಜವಾಗಿತ್ತು.

ನಾನು ಹಲಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದು ನಿವೃತ್ತಳಾದವಳು. ಶಾಲೆ ಬಿಟ್ಟರೂ ಗಂಟೆಯ ಶಿಸ್ತು ಬಿಡಲಿಲ್ಲ. ಬೆಳಿಗ್ಗೆ ಸ್ನಾನ, ಆಮೇಲೆ ತಂದೆಯವರು ಕೊಟ್ಟಿದ್ದ ಹಳೆಯ ವೇದಾಂತ ಗ್ರಂಥದ ಒಂದು ಅಧ್ಯಾಯ, ಅದು ಮುಗಿದ ಮೇಲೆಯೇ ಕಾಫಿ. ಓದಿದ ಪುಸ್ತಕವನ್ನು ಎರಡೂ ಕಣ್ಣಿಗೊತ್ತಿಕೊಂಡು ಮಣೆಯ ಮೇಲಿಡುವುದು ನಮ್ಮ ಮನೆಯ ಪದ್ಧತಿ.

ಡಾಕ್ಟರು ಟಾರ್ಚ್ ಹಾಕಿ ನೋಡಿದರು. "ಕ್ಯಾಟರಾಕ್ಟ್. ಬಲಗಣ್ಣಿನ ಪೊರೆ ಬಲಿತಿದೆ, ಮೊದಲು ಅದರ ಆಪರೇಷನ್. ಎಡಗಣ್ಣು ಆಮೇಲೆ."

"ಮತ್ತೆ ಓದಬಹುದೇ?"

"ಓದ್ಬಹುದು. ಆದ್ರೆ ನಾನು ಹೇಳಿದ ಹಾಗೆ ಮಲಗಿರ್ಬೇಕು. ವಾರ್ಡಲ್ಲಿ ನೀವಲ್ಲ ಟೀಚರಮ್ಮ, ನಾನು ಹೆಡ್ಡು."

ಜಟಕಾದಲ್ಲಿ ಹೋಗಿ ಅಡ್ಮಿಟ್ ಆದೆ. ಆಪರೇಷನ್ ಸಲೀಸಾಗಿ ಆಯಿತು. ಎರಡೂ ಕಣ್ಣಿಗೆ ಬ್ಯಾಂಡೇಜ್. ತಲೆ ಹೊರಳದಂತೆ ಅತ್ತ ಇತ್ತ ಮರಳಿನ ಚೀಲ. ಕೆಮ್ಮಬಾರದು, ಸೀನಬಾರದು. ಹೊರಗೆ ರಸ್ತೆಯಲ್ಲಿ ಯುದ್ಧದ ಲಾರಿಗಳು ಹೋಗುವಾಗ ಮಂಚ ನಡುಗುತ್ತಿತ್ತು. ನನಗೆ ಇದ್ದ ಚಿಂತೆ ಒಂದೇ, ದಿನದ ಓದು ತಪ್ಪಬಾರದು. ಸರೋಜ ಸ್ಟೂಲ್ ಮೇಲೆ ಕೂತು ಓದಿದಳು. ನಾನು ತುಟಿಯಲ್ಲೇ ಜೊತೆಗೂಡಿದೆ. ಅಧ್ಯಾಯ ಮುಗಿಯಿತು. ಅಭ್ಯಾಸದಂತೆ ಕೈ ಚಾಚಿದೆ. ಅವಳೂ ಅಭ್ಯಾಸದಂತೆ ಕೈಗಿಟ್ಟಳು.

ಗಟ್ಟಿ ರಟ್ಟಿನ ಆ ಪುಸ್ತಕವನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ.

ಬಲಗಣ್ಣು ಹೋಯಿತು.

ಮನೆಗೆ ಬಂದ ದಿನವೇ ಸರೋಜ ಪುಸ್ತಕಕ್ಕೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದಳು. "ನಾನೇ ಕೊಟ್ಟೆ ಅಕ್ಕಾ, ನನ್ನ ಕೈಯಾರೆ ಕೊಟ್ಟೆ," ಎಂದು ಅತ್ತಳು. ಆಮೇಲೆ ಸಿಟ್ಟಿನಿಂದ ಕೇಳಿದಳು: "ಇಷ್ಟು ವರ್ಷ ಓದಿದ್ಯಲ್ಲ, ಏನು ಕೊಡ್ತು ಅದು ನಿಂಗೆ?"

ಯಾವ ಅಧ್ಯಾಯದ ಸಾರಾಂಶ ಕೇಳಿದ್ದರೂ ಮೂರನೇ ಕ್ಲಾಸಿನ ಹುಡುಗಿಯಷ್ಟೂ ಹೇಳಲಾರದೆ ಹೋಗುತ್ತಿದ್ದೆ. ಅವಳ ಪ್ರಶ್ನೆಗೆ ಉತ್ತರ ಸಿಗದೆ ಎಡಗಣ್ಣನ್ನು ಕತ್ತಿಗೆ ಒಡ್ಡುವುದು ಬೇಡ ಎನಿಸಿತು.

"ಕೆಳಗಿಳಿಸು. ಏನು ಕೊಡತ್ತೋ ನೋಡೇಬಿಡೋಣ," ಎಂದೆ.

ಸರೋಜ ಓದುವುದು ನಿಧಾನ. ಪ್ರತಿ ಸಾಲಿಗೂ ನಿಂತು "ಹಾಗಂದ್ರೇನಕ್ಕಾ?" ಎನ್ನುತ್ತಾಳೆ. ದಿನಕ್ಕೊಂದು ಅಧ್ಯಾಯ ಬಿಟ್ಟು ಒಂದೊಂದೇ ಪದ್ಯಕ್ಕೆ ಇಳಿದೆವು. ಹಸಿವು, ನೋವು, ಭಯ ಬಂದು ಹೋಗುತ್ತವೆ, ಬಂದದ್ದನ್ನು ಅರಿಯುವುದು ಮಾತ್ರ ಬಂದು ಹೋಗುವುದಿಲ್ಲ ಎಂಬ ಅರ್ಥದ ಪದ್ಯವೊಂದು ಹಲವು ಬೆಳಗುಗಳನ್ನು ನುಂಗಿತು.

"ಅಂದ್ರೆ, ಹಸಿವಾಗಿದೆ ಅಂತ ಗೊತ್ತಾಗ್ತಿದ್ಯಲ್ಲ, ಆ ಗೊತ್ತಾಗೋದಕ್ಕೆ ಹಸಿವಿಲ್ಲ ಅಂತಾನಾ? ಮತ್ತೆ ದೋಸೆ ಯಾರಿಗೆ ಹುಯ್ಲಿ?"

"ಸದ್ಯಕ್ಕೆ ನಂಗೆ ಹುಯ್ಯಿ."

ನಕ್ಕೆವು. ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಆದರೆ ಅವಳ ಪ್ರಶ್ನೆಯನ್ನು ಬಿಡಲಾಗಲಿಲ್ಲ. ಗೋಡೆ ಹಿಡಿದು ನಡೆಯುವಾಗ, ಅಕ್ಕಿಯಲ್ಲಿ ಕಲ್ಲು ತಡವುವಾಗ ಅದನ್ನೇ ಜಗಿದೆ. ಎಷ್ಟೋ ಸಲ ಕಂಠಪಾಠದಂತೆ ಒಪ್ಪಿಸಿದ್ದ ಪದ್ಯ, ಕಣ್ಣು ಕಾಣದ ದಿನಗಳಲ್ಲಿ ಮೊದಲ ಬಾರಿಗೆ ನನ್ನ ವಿಷಯ ಮಾತಾಡಿತು.

ಎಡಗಣ್ಣಿನ ಪೊರೆ ಬಲಿಯಿತು. ಡಾಕ್ಟರು ಕೇಳಿದರು: "ಧೈರ್ಯ ಇದೆಯಾ?"

"ಇಲ್ಲ. ಆದ್ರೂ ಮಾಡಿ."

ಮತ್ತೆ ಮರಳಿನ ಚೀಲಗಳ ನಡುವೆ ಮಲಗಿದೆ. ಮೂಗಿನ ತುದಿಯಲ್ಲಿ ತುರಿಕೆ ಎದ್ದಿತು. ಈ ಕಣ್ಣೂ ಹೋಯಿತು, ಇನ್ನು ಕತ್ತಲೆಯೇ ಎಂಬ ಭಯ ಎದೆಗೆ ಏರಿ ಬಂತು. ತಳ್ಳಲಿಲ್ಲ. ಬಂದಿದೆ ಎಂದು ತಿಳಿದುಕೊಂಡೆ, ಅಷ್ಟೆ. ಅದು ಹೆಚ್ಚಿತು, ನಿಂತಿತು, ಇಳಿಯಿತು. ತಿಳಿಯುತ್ತಿದ್ದದ್ದು ಇದ್ದಲ್ಲೇ ಇತ್ತು. ಇದಕ್ಕಿಂತ ದೊಡ್ಡ ದರ್ಶನ ನನಗಾಗಿಲ್ಲ, ಬೇಕೆಂದೂ ಇಲ್ಲ. ಸರೋಜ ಪದ್ಯ ಓದಿ ಮುಗಿಸಿದಾಗ ಕೈ ತಾನಾಗಿ ಎದ್ದಿತು. ಅವಳು ಗಪ್ಪನೆ ಹಿಡಿದುಕೊಂಡಳು.

"ಬಿಡೇ, ನಾನು ಎಚ್ಚರವಾಗಿದ್ದೀನಿ," ಎಂದೆ.

ಬ್ಯಾಂಡೇಜ್ ಬಿಚ್ಚಿದಾಗ ಮೊದಲು ಕಂಡದ್ದು ಡಾಕ್ಟರ ಕೋಟಿನ ಗುಂಡಿ. ಆಮೇಲೆ ಸರೋಜಳ ಮುಖ. ಅವಳ ತಲೆ ಇಷ್ಟು ನರೆತದ್ದು ನನಗೆ ಗೊತ್ತೇ ಇರಲಿಲ್ಲ.

ಈಗ ದಪ್ಪ ಗಾಜಿನ ಕನ್ನಡಕ. ಸ್ವಲ್ಪ ಹೊತ್ತು ಓದಲು ಅಪ್ಪಣೆಯಿದೆ. ಕೃತಜ್ಞಳಾಗಿದ್ದೇನೆ, ಇದು ಎಷ್ಟು ಕಾಲ ಉಳಿಯುತ್ತದೋ ಎಂಬ ಎಚ್ಚರದೊಂದಿಗೆ. ಇವತ್ತು ಅರ್ಧ ಪದ್ಯವಾಯಿತು. ಎರಡನೆಯ ಸಾಲು ನಮ್ಮಿಬ್ಬರಿಗೂ ಅರ್ಥವಾಗಲಿಲ್ಲ. ನಾಳೆ ಬೆಳಿಗ್ಗೆ ಅಲ್ಲಿಂದಲೇ.