ಹಲಸಿನ ಹಲಗೆಗೆ ಕಟ್ಟಿದ ಕೋಣೆ

ನನ್ನನ್ನು ಒಳ್ಳೆಯ ಅಪ್ಪ ಎಂದು ಯಾರಾದರೂ ಹೊಗಳಿದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹಾಗೆ ಹೊಗಳುವವರಿಗೆ ನಮ್ಮ ನೆಂಟರಲ್ಲಿ ಬರವಿಲ್ಲ. ಹೊಸೂರು ಹತ್ತಿರದ ನಮ್ಮ ತಳಿ ಊರಿನ ಕಡೆ ಯಾವ ಮನೆಗೆ ಹೋದರೂ ಕಾಫಿಗಿಂತ ಮೊದಲು ಆ ಮಾತು ಬರುತ್ತದೆ: ಮಗಳ ಬಾಣಂತನಕ್ಕೆಂದೇ ಹೊಸ ಕೋಣೆ ಕಟ್ಟಿಸಿದವರು ಇವರೇ. ನಾನು ಹಲ್ಲು ಕಿರಿಯುತ್ತೇನೆ. ಆ ಕೋಣೆಯನ್ನು ನಾನು ಕಟ್ಟಿಸಿದ್ದು ಹಲಗೆಗಳಿಗೆ.

ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ತಗಡು ಬಡಿಯುವ ಪ್ರೆಸ್ಸುಗಳ ನಡುವೆ ನನ್ನ ವಯಸ್ಸೆಲ್ಲ ಕಳೆಯಿತು. ರಿಟೈರ್ ಆಗಿ ಊರಿನ ಮನೆಗೆ ಬಂದಾಗ ನನಗೆ ಬೇಕಾಗಿದ್ದು ಮರಗೆಲಸ, ಮತ್ತೆ ಯಾರೂ ಕೂಗಿ ಕರೆಯದ ಒಂದು ಜಾಗ. ಬದುವಿನಲ್ಲಿ ಗಾಳಿಗೆ ಬಿದ್ದಿದ್ದ ಹಲಸಿನ ಮರವನ್ನು ಕುಯ್ಯಿಸಿ ಹಲಗೆ ಮಾಡಿಸಿಟ್ಟಿದ್ದೆ. ಅರಿಶಿನ ಬಣ್ಣದ, ಗಂಟಿಲ್ಲದ ಹಲಗೆಗಳು. ಆದರೆ ನಮ್ಮ ಕಡೆಯ ಹವೆ ಮರಕ್ಕೆ ಆಗಿಬರುವುದಿಲ್ಲ. ದೀಪಾವಳಿ ಹೊತ್ತಿಗೆ ಮದರಾಸಿನ ಕಡೆ ಸೈಕ್ಲೋನ್ ಎದ್ದರೆ ಇಲ್ಲಿ ವಾರಗಟ್ಟಲೆ ಸೋನೆ ಹಿಡಿಯುತ್ತದೆ. ಹಲಗೆಗೆ ಬೂಷ್ಟು, ಉಳಿಗೆ ತುಕ್ಕು. ಮನೆಯೊಳಗೆ ಇಡೋಣವೆಂದರೆ ಮನೆಯ ಗೋಡೆಗಳೇ ಬೆವರುತ್ತವೆ.

ಅದಕ್ಕೇ ಹಿತ್ತಿಲಿನಲ್ಲಿ ಶೆಡ್ಡು ಹಾಕಿಸಿದೆ. ನೆಲವನ್ನು ಎತ್ತರಿಸಿ, ಮಣ್ಣಿನ ಥಂಡಿ ಮೇಲೇರದಂತೆ ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿಸಿದೆ. ಗೋಡೆಗೂ ಸೂರಿಗೂ ಒಳಗಡೆ ಥರ್ಮಾಕೋಲ್ ಕೂರಿಸಿ, ಅದರ ಮೇಲೆ ಪ್ಲೈವುಡ್ ಹೊಡೆದೆ. ಬಾಗಿಲಿನ ಸುತ್ತ ರಬ್ಬರ್ ಪಟ್ಟಿ. ಒಳಗಿನ ಹಬೆ ಹೋಗಲು ಸೂರಿನ ಹತ್ತಿರ ಜಾಲರಿ ಹಾಕಿದ ಕಿಂಡಿಗಳು. ಹೊರಗೆ ಎಂಥ ಸೋನೆ ಇದ್ದರೂ ಒಳಗೆ ಹಪ್ಪಳ ಮೆತ್ತಗಾಗಬಾರದು, ಅಷ್ಟು ಒಣಗಿರಬೇಕು ಎಂಬುದು ನನ್ನ ಹಟ.

ಹಟಕ್ಕೆ ಇನ್ನೊಂದು ಕಾರಣವಿತ್ತು. ಕೃಷ್ಣಗಿರಿಗೆ ಕೊಟ್ಟಿದ್ದ ಒಬ್ಬಳೇ ಮಗಳು ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ. ಬಾಣಂತನ ಅಂದರೆ ಮನೆ ತುಂಬ ಹೆಂಗಸರು, ಹೊಗೆ, ಒದ್ದೆ ಬಟ್ಟೆ, ಹೊತ್ತಿಲ್ಲ ಗೊತ್ತಿಲ್ಲ ಎನ್ನದೆ ಮಗುವಿನ ಅಳು. ಥರ್ಮಾಕೋಲನ್ನು ಅಷ್ಟು ದಪ್ಪಕ್ಕೆ ತುಂಬಿದ್ದು ಆ ಗಲಾಟೆ ಒಳಗೆ ಬರದಿರಲೆಂದೂ ಹೌದು. ಅದೆಲ್ಲ ಶುರುವಾಗುವುದರೊಳಗೆ ನನಗೊಂದು ಅಡಗುವ ಜಾಗ ಆಗಿಬಿಡಲಿ ಅಂತ ಮೇಸ್ತ್ರಿಯ ಬೆನ್ನು ಹತ್ತಿದ್ದೆ. ಮಗಳು ಹೆರಲು ಬರುತ್ತಿದ್ದಳು, ಅಪ್ಪ ಬಚ್ಚಿಟ್ಟುಕೊಳ್ಳಲು ಬಿಲ ತೋಡುತ್ತಿದ್ದ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಹೆಂಡತಿಗೆ ಇದನ್ನು ಹೇಳುವ ಧೈರ್ಯ ಇರಲಿಲ್ಲ. ‘ಹಿಂದ್ಗಡೆ ಒಂದು ರೂಮಿರಲಿ, ಆಯ್ತದೆ’ ಎಂದಷ್ಟೇ ಹೇಳಿ ತೇಲಿಸಿದ್ದೆ. ಮರಗೆಲಸದ ಬೆಂಚು ತಂದಿಟ್ಟ ದಿನ ಹೇಗೂ ಗೊತ್ತಾಗುತ್ತದೆ, ಅವತ್ತೇ ಒಟ್ಟಿಗೆ ಬೈಸಿಕೊಂಡರಾಯಿತು ಎಂದುಕೊಂಡಿದ್ದೆ.

ಬೆಂಚು ಬರುವ ಮೊದಲೇ ಹೆಂಡತಿಯ ತಂಗಿ ಬಂದಳು. ಒಂದು ಬೆಳಗ್ಗೆ ನಾನು ಬಾಗಿಲು ಮುಚ್ಚಿಕೊಂಡು, ಊದಿನಕಡ್ಡಿ ಹಚ್ಚಿ ಗೋಡೆಯ ಅಂಚಿಗೆ ಹಿಡಿದು ಮೆಲ್ಲಗೆ ನಡೆಯುತ್ತಿದ್ದೆ. ಹೊಗೆ ಎಲ್ಲಿ ವಾಲುತ್ತದೋ ಅಲ್ಲಿ ಸಂದಿ ಇದೆ ಎಂದರ್ಥ. ಆಗ ಅವಳು ಬಾಗಿಲು ತೆರೆದಳು. ನನ್ನ ಕೈಯ ಕಡ್ಡಿ ನೋಡಿದಳು, ಸಂದಿಗೆ ತುರುಕಲು ಇಟ್ಟಿದ್ದ ಹಳೆಯ ಬಟ್ಟೆ ನೋಡಿದಳು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿಗೆ ಗೋಣಿಚೀಲ ಕಟ್ಟುವ ಊರು ನಮ್ಮದು. ಅವಳಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ?

‘ಅಕ್ಕಾ, ಬಾ ಇಲ್ಲಿ’ ಎಂದು ಕರೆದವಳ ಕಣ್ಣಲ್ಲಿ ನೀರು. ‘ಭಾವ ಏನ್ ಮಾಡ್ತಾವ್ರೆ ನೋಡು. ಬಾಣಂತಿಗೆ ಗಾಳಿ ಸೋಕ್ಬಾರ್ದು ಅಂತ ಕಡ್ಡಿ ಹಿಡ್ಕಂಡು ಹುಡುಕ್ತಾವ್ರೆ.’

ಹೆಂಡತಿ ಬಂದು ಹೊಸಿಲ ಮೇಲೆ ನಿಂತಳು. ‘ಇದ್ಕೇನಾ ಬಾಯ್ಬಿಡದೆ ಇದ್ದುದ್ದು? ನಾನು ಏನೇನೋ ಅನ್ಕಂಡಿದ್ದೆ ಬುಡಿ’ ಎಂದಳು. ಅವಳು ನನ್ನನ್ನು ಅಷ್ಟು ಅಕ್ಕರೆಯಿಂದ ನೋಡಿ ಎಷ್ಟು ಕಾಲವಾಗಿತ್ತೋ. ಅಲ್ಲ ಎನ್ನಬೇಕಿತ್ತು. ನಾನು ಕಡ್ಡಿಯ ಬೂದಿ ಕೊಡವಿದೆ. ಅವತ್ತು ಮಧ್ಯಾಹ್ನ ನನ್ನ ಮುದ್ದೆಯ ಮೇಲೆ ತುಪ್ಪ ಧಾರಾಳವಾಗಿಯೇ ಬಿತ್ತು. ನಾಚಿಕೆಯಿಲ್ಲದೆ ಉಂಡೆ.

ಸಂಜೆ ಮಗಳ ಫೋನ್ ಬಂತು. ‘ಅಪ್ಪಾ, ಚಿಕ್ಕಮ್ಮ ಹೇಳಿದ್ಲು. ನಂಗೆ ಅಂತ ರೂಮ್ ಕಟ್ಟಿಸ್ತಿದ್ದೀಯಂತೆ?’

‘ಹೂಂ ಕಣವ್ವ. ನೀನು ಬಂದ್ಬುಡು’ ಎಂದೆ. ಅದುವರೆಗೆ ಸುಮ್ಮನಿದ್ದೆ ಅಷ್ಟೆ. ಸುಳ್ಳು ಹೇಳಿದ್ದು ಆಗಲೇ, ಅದೂ ಅವಳಿಗೆ.

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು. ಹಲಗೆಗಳು ಇರಬೇಕಾದ ಜಾಗದಲ್ಲಿ ಮಂಚ ಬಂತು, ಬೆಂಚಿನ ಜಾಗದಲ್ಲಿ ತೊಟ್ಟಿಲು. ಹಲಗೆಗಳು ಜಗಲಿಯ ಮೇಲೆ ಟಾರ್ಪಾಲ್ ಹೊದ್ದು ಬಿದ್ದುಕೊಂಡವು. ಕೋಣೆ ಮಾತ್ರ ಬಾಣಂತಿಗೆಂದೇ ಹುಟ್ಟಿದ ಹಾಗಿತ್ತು. ಸಾಂಬ್ರಾಣಿ ಹೊಗೆ ಹದವಾಗಿ ನಿಂತು ಮೇಲಿನ ಕಿಂಡಿಯಿಂದ ಹೋಗುತ್ತಿತ್ತು, ಮಗುವಿನ ಬಟ್ಟೆ ಒಳಗೇ ಗರಿಗರಿಯಾಗಿ ಒಣಗುತ್ತಿತ್ತು. ಮೊಮ್ಮಗಳನ್ನು ನೋಡಲು ಬಂದ ಬೀಗಿತ್ತಿ ಗೋಡೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. ‘ನನ್ ಬಾಣಂತನದಾಗೆ ಸೂರು ಸೋರಿ ಹಾಸಿಗೆಯೆಲ್ಲ ನೆಂದಿತ್ತು ಬೀಗ್ರೇ. ನಮ್ಮಪ್ಪ ಒಂದು ಹೆಂಚು ಸರಿ ಮಾಡ್ಲಿಲ್ಲ’ ಎಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಇಷ್ಟಕ್ಕೇ ನಿಂತಿದ್ದರೆ ನಾನೂ ಕ್ರಮೇಣ ಆ ಹೊಗಳಿಕೆಯನ್ನು ನಂಬಿಬಿಡುತ್ತಿದ್ದೆನೋ ಏನೋ. ಮನುಷ್ಯನಿಗೆ ಅಷ್ಟು ಸಾಕು.

ಒಂದು ಮಧ್ಯಾಹ್ನ ಹೆಂಡತಿ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದಳು. ಹೊರಗೆ ಸೋನೆ. ನಾನು ಜಗಲಿಯಲ್ಲಿ ಟಾರ್ಪಾಲ್ ಸರಿಸಿ ಹಲಗೆಗಳನ್ನು ಒಂದೊಂದಾಗಿ ಮಗುಚುತ್ತಿದ್ದೆ. ಕೆಲವು ಆಗಲೇ ಸೊಟ್ಟಗಾಗಿದ್ದವು, ಕಪ್ಪು ಚುಕ್ಕೆ ಬಂದಿತ್ತು. ಒಂದರ ಚುಕ್ಕೆಯನ್ನು ಪಂಚೆಯ ಅಂಚಿನಿಂದ ಉಜ್ಜುತ್ತಿದ್ದಾಗ ಎದುರಿಗೆ ಮಗಳು ನಿಂತಿದ್ದಳು. ತಲೆಗೆ ಬಟ್ಟೆಯಿಲ್ಲ, ಕಾಲಿಗೆ ಚಪ್ಪಲಿಯಿಲ್ಲ, ಮಗುವನ್ನು ಸೆರಗಿನೊಳಗೆ ಅವುಚಿಕೊಂಡು ಹಸಿ ಬಾಣಂತಿ ಆ ಮಳೆಯಲ್ಲಿ ಹಿತ್ತಿಲು ದಾಟಿ ಬಂದಿದ್ದಳು.

‘ಎಷ್ಟೊತ್ತಿಂದ ಕೂಗ್ತಾ ಇದ್ದೀನಪ್ಪಾ. ಹಾಲು ನೆತ್ತಿಗೇರಿ ಮಗು ಉಸಿರೇ ಬಿಡ್ತಿರ್ಲಿಲ್ಲ.’

ಮಗು ಅಷ್ಟರಲ್ಲಿ ಸುಧಾರಿಸಿಕೊಂಡು ಅಳುತ್ತಿತ್ತು. ಇವಳೇ ಬೋರಲು ಮಲಗಿಸಿಕೊಂಡು ಬೆನ್ನು ತಟ್ಟಿ ಕಕ್ಕಿಸಿದ್ದಳು. ಕೂಗು ನನಗೆ ಕೇಳಿಸದಿರಲೆಂದೇ ಅಲ್ಲವೇ ನಾನು ಅಷ್ಟು ಥರ್ಮಾಕೋಲ್ ತುಂಬಿದ್ದು? ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು.

ಮಿಲ್ಲಿನಿಂದ ಬಂದ ಹೆಂಡತಿ ಬೈದಾಳು ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಮಗಳ ತಲೆ ಒರೆಸುತ್ತ, ‘ಪಾಪ, ಅವ್ರಾದ್ರೂ ಏನ್ ಮಾಡ್ತಾರೆ? ನಿಂಗೆ ಥಂಡಿ ಆಗ್ಬಾರ್ದು ಅಂತ ಅಷ್ಟು ಭದ್ರ ಮಾಡವ್ರೆ’ ಎಂದಳು. ಆ ಮಾತು ಕೇಳಿ ನಾನು ಎದ್ದು ಹೊಲದ ಕಡೆ ಹೋದೆ. ಅಲ್ಲಿ ಯಾರಿಗೂ ಕಾಣದಂತೆ ಅತ್ತೆ. ಅವತ್ತಿನಿಂದ ಕೋಣೆಯ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂರತೊಡಗಿದೆ. ಅದಕ್ಕೂ ಊರವರು ಹೊಗಳಿದರು.

ಬಾಣಂತನ ಮುಗಿದು ಮಗಳನ್ನು ಕರೆದೊಯ್ಯಲು ಬೀಗರು ಬಂದ ದಿನ, ಅವರೆಲ್ಲ ನಡುಮನೆಯಲ್ಲಿ ಊಟಕ್ಕೆ ಕೂತಿದ್ದಾಗ ನಾನು ಕೋಣೆಗೆ ಹೋದೆ. ಮಗಳು ಬಟ್ಟೆ ಮಡಿಚುತ್ತಿದ್ದಳು. ಇವಳೊಬ್ಬಳಿಗಾದರೂ ನಿಜ ಹೇಳದೆ ಕಳಿಸಿದರೆ ಮುಂದೆ ಅವಳ ಮುಖ ನೋಡಲಾರೆ ಅನ್ನಿಸಿತ್ತು. ‘ಇದು ನಿಂಗೆ ಅಂತ ಕಟ್ಟಿಸಿದ್ದಲ್ಲ ಕಣವ್ವ’ ಎಂದು ಶುರು ಮಾಡಿದೆ. ಹಲಗೆ, ಬೆಂಚು, ಬಚ್ಚಿಟ್ಟುಕೊಳ್ಳುವ ಯೋಚನೆ ಎಲ್ಲ ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ.

ಅವಳು ಮಡಿಚುವುದನ್ನು ನಿಲ್ಲಿಸಲಿಲ್ಲ. ‘ಗೊತ್ತಿತ್ತು ಕಣಪ್ಪ’ ಎಂದಳು.

‘ಯಾರು ಹೇಳಿದ್ರು?’

‘ಯಾರೂ ಹೇಳ್ಲಿಲ್ಲ. ಇರೋದೊಂದು ಕಿಟಕಿ, ಅದೂ ಹೊಲದ ಕಡೆ. ನಂಗೆ ಅಂತ ಕಟ್ಟಿದ್ರೆ ನೀನು ಮನೆ ಕಡೆ ಇಡ್ತಿದ್ದೆ. ಅಮ್ಮ ಒಲೆ ಹತ್ರ ಓಡಾಡೋದು ಕಾಣ್ತಿತ್ತು. ದಿನಾ ನಾನು ಕಿಟಕಿ ಇಲ್ದಿರೋ ಆ ಗೋಡೆ ನೋಡ್ಕಂಡು ಮಲಗ್ತಿದ್ದೆ.’

ಅವಳು ಬ್ಯಾಗಿನ ಜಿಪ್ಪು ಎಳೆದು, ಮೊದಲ ಸಲ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ದಣಿದಿದ್ದಳು ಅಷ್ಟೆ.

‘ನಮ್ಮತ್ತೆಗೆ ಮಾತ್ರ ಹೇಳ್ಬೇಡ. ನಮ್ಮಪ್ಪ ನಂಗೋಸ್ಕರ ರೂಮ್ ಕಟ್ಟಿಸಿದ್ರು ಅಂತ ಆ ಮನೇಲಿ ನಂಗೊಂದು ಮರ್ಯಾದೆ ಐತೆ. ಅದು ಇರ್ಲಿ.’

ನಾನೇ ಬ್ಯಾಗು ಹೊತ್ತು ಅಂಗಳಕ್ಕೆ ತಂದೆ. ಕಾರು ಹತ್ತುವ ಮುಂಚೆ ಬೀಗಿತ್ತಿ ಎಲ್ಲರಿಗೂ ಕೇಳುವಂತೆ, ‘ಹೆಣ್ಣೆತ್ತೋರು ಅಂದ್ರೆ ನಮ್ ಬೀಗ್ರಂಗೆ ಇರ್ಬೇಕು’ ಎಂದರು. ಮಗುವನ್ನು ಎತ್ತಿಕೊಂಡು ನಿಂತಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ಬೀಗಿತ್ತಿಗೆ ಕೈಮುಗಿದು, ‘ನಮ್ ಮಗಳಿಗೆ ಮಾಡ್ದೆ ಇನ್ಯಾರಿಗೆ ಮಾಡ್ಲಿ’ ಎಂದೆ.